ಹೇರು

ಬೆಳಗಿನ ಜಾವ ಐದಕ್ಕೆ ತರ್ಕೂಮಿಯಾ ಗೇಟಿನ ಈಚೆ
ಕಾರು ನಿಲ್ಲಿಸಿ ಕಾಯುತ್ತೇನೆ. ವಾರಕ್ಕೆ ಮೂರು ಸಲ ಡಯಾಲಿಸಿಸ್,
ಅದರಲ್ಲಿ ಮಂಗಳವಾರ ನನ್ನ ಪಾಲು.
ಕಬ್ಬಿಣದ ತಿರುಗುಬಾಗಿಲು ಕಿರುಗುಟ್ಟಿ
ಮೊದಲು ಒಂದು ಚೀಲ ಬರುತ್ತದೆ, ಹಿಂದೆ ವಿದಾದ್,
ಅವಳ ಹಿಂದೆ ಮೊಮ್ಮಗ ಕುತೈಬಾ:
ಏಳು ವರ್ಷ, ನಾಲ್ಕರ ಮೈಕಟ್ಟು.

ನಾನು ಪ್ನಿನಾ. ಮೂವತ್ತೊಂದು ವರ್ಷ ಗಣಿತ ಕಲಿಸಿದವಳು.
ಬಾಗ್ದಾದಿನಿಂದ ಬಂದ ಅಮ್ಮ
ಅಡುಗೆಮನೆಯಲ್ಲಷ್ಟೇ ಆಡುತ್ತಿದ್ದ ಅರಬ್ಬಿ
ನಾಲಗೆಯ ತುದಿಗೆ ಒಂದಿಷ್ಟು ಅಂಟಿಕೊಂಡಿದೆ:
ಉಪ್ಪು, ಈರುಳ್ಳಿ, ಸಾಕು, ನನ್ನ ಕಣ್ಣೇ, ಹಾಳಾಗಿ ಹೋಗು.
ಇಷ್ಟರಲ್ಲೇ ಒಂದೂವರೆ ಗಂಟೆಯ ದಾರಿ ಸವೆಯಬೇಕು.

ಹೆದ್ದಾರಿಯ ಒಂದು ತಿರುವಿನಲ್ಲಿ ಪೈನ್ ಮರದ ಗುಡ್ಡ,
ರಜೆಯಲ್ಲಿ ನಮ್ಮ ಜನ ಮಾಂಸ ಸುಡುವ ಜಾಗ.
ಅಲ್ಲಿಗೆ ಬಂದಾಗೆಲ್ಲ ವಿದಾದಳ ಮಾತು ನಿಲ್ಲುತ್ತಿತ್ತು.
ಆರು ತಿಂಗಳು ಅದನ್ನು ಜೊಂಪು ಅಂದುಕೊಂಡಿದ್ದೆ.
ಒಂದು ದಿನ, ಗಂಟೆ ಎಷ್ಟಾಯಿತು ಎಂದು ಕೇಳುವ ದನಿಯಲ್ಲಿ,
"ಅಲ್ಲಿ ನಮ್ಮ ಮಾವನವರ ಬಾವಿಯಿತ್ತು" ಅಂದಳು.
ನಾನು ಶಾಲೆಯ ಮಕ್ಕಳನ್ನು ಅಲ್ಲಿಗೇ ಕರೆದೊಯ್ಯುತ್ತಿದ್ದೆ,
ಮರಗಳ ನೆರಳು ಅಳೆದು ತ್ರಿಕೋನ ಕಲಿಸಲು.
ಹೇಳಲಿಲ್ಲ.

ನನಗೂ ಒಂದು ತಿರುವಿದೆ, ಊರೊಳಗೆ.
ಅಲ್ಲಿ ತಮ್ಮ ಏರಿದ ಬಸ್ಸು
ಮುಂದಿನ ನಿಲ್ದಾಣ ಮುಟ್ಟಲಿಲ್ಲ.
ಅವಳು ಕೇಳಲಿಲ್ಲ. ನಾನು ಗೇರು ತಪ್ಪಿಸಿದ್ದು ಕಂಡು
ಕಿತ್ತಳೆಯ ಒಂದು ತೊಳೆ ಮುಂದಕ್ಕೆ ಚಾಚಿದಳು,
ಬೀಜ ತೆಗೆದು.

ಹೋದ ಮಂಗಳವಾರ ರೇಡಿಯೊ
ಯಾವುದೋ ದೇಶದ ಯಾವುದೋ ಹೋಟೆಲಿನಿಂದ
'ನ್ಯಾಯಯುತ, ಶಾಶ್ವತ ಶಾಂತಿ' ಅಂದಿತು.
ವಿದಾದ್ ಬಾಯಿಗೆ ಸೆರಗೊತ್ತಿ ನಕ್ಕಳು.
"ಅಪ್ಪನಿಗೆ ಒಂದು ಕತ್ತೆಯಿತ್ತು" ಅಂದಳು.
"ಬೆನ್ನಿನ ಎರಡೂ ಕಡೆ ಟೊಮೆಟೊ ಮೂಟೆ.
ಒಂದೊಂದು ಮಗ್ಗುಲಿನ ಹೇರಿಗೂ ನಮ್ಮಲ್ಲಿ ಇದ್ಲ್ ಅಂತ ಹೆಸರು.
ನ್ಯಾಯಕ್ಕೆ ಅದ್ಲ್. ಬರೆಯಲು ಅವೇ ಮೂರು ಅಕ್ಷರ.
ಹೇರು ಒಂದು ಕಡೆ ಜಗ್ಗಿದರೆ ಕತ್ತೆ
ಅಲ್ಲೇ ಬೀಳುತ್ತದೆ ಅಂದುಕೊಂಡೆಯಾ? ಇಲ್ಲ ತಾಯಿ, ನಡೆಯುತ್ತದೆ.
ಬೆನ್ನು ಉಜ್ಜಿ ಹುಣ್ಣಾಗುತ್ತದೆ, ನೊಣ ಮುತ್ತುತ್ತವೆ, ನಡೆಯುತ್ತದೆ.
ನೋಡಿದವರು, ಆಹಾ ಎಂಥ ಸಾಧು ಪ್ರಾಣಿ, ಅನ್ನುತ್ತಾರೆ.
ಇಳಿಜಾರು ಬರಲಿ."

ನಮ್ಮ ಹೀಬ್ರೂವಿನಲ್ಲಿ ಶಾಂತಿಗೆ ಶಾಲೋಮ್;
ಬೆಲೆ ತೆರು, ಬಾಕಿ ಸಲ್ಲಿಸು ಎನ್ನಲಿಕ್ಕೂ
ಬೇರು ಅದೇ. ಅಂಗಡಿಯಲ್ಲಿ ದಿನಾ ಆಡುತ್ತೇವೆ,
ಕಿವಿಗೆ ಬಿದ್ದಿರಲೇ ಇಲ್ಲ.

ಅವಳ ಬಾವಿ, ನನ್ನ ಬಸ್ಸು:
ನಡುವೆ ಎರಡು ಗೆರೆ ಎಳೆದು ಸಮ ಎಂದು ಬರೆಯಲು
ಗಣಿತದ ಈ ಕೈಗೆ ಬರುವುದಿಲ್ಲ.
ದುಃಖ ದುಃಖಕ್ಕೆ ವಜಾ ಆಗುವುದಿಲ್ಲ.
ಅಲ್ಲದೆ, ಸಂಜೆ ನಾನು ಕಾರು ತಿರುಗಿಸಿ ಮನೆಗೆ ಹೋಗುತ್ತೇನೆ,
ನಲ್ಲಿ ತಿರುಗಿಸಿದರೆ ನೀರು ಬರುತ್ತದೆ.
ಅವಳ ಕೈಯ ಚೀಟಿಯಲ್ಲಿ: 'ಏಳು ಗಂಟೆಯವರೆಗೆ ಮಾತ್ರ.'
ಶಾಶ್ವತ ಎಂಬ ಪದ ಕೇಳಿದಾಗ
ನನಗೆ ಆ ಚೀಟಿ ಕಣ್ಣಿಗೆ ಬರುತ್ತದೆ.

ಹೆಸರಿನ ಒಂದಕ್ಷರ ತಪ್ಪಾಗಿದೆ ಎಂದು
ಒಮ್ಮೆ ಮೂರು ಗಂಟೆ ನಿಲ್ಲಿಸಿದ್ದರು.
ತಿದ್ದಿದ ಹುಡುಗ ನನ್ನದೇ ಶಾಲೆಯವನು.
"ಟೀಚರ್, ನೀವಿಲ್ಲಿ?" ಅಂದ. ಕಿವಿ ಕೆಂಪಾಗಿತ್ತು.
ನನ್ನದೂ.

ನಿನ್ನೆ ವಾಪಸು ಬರುವಾಗ ಕುತೈಬಾ, ತೋಳಿಗೆ ಬ್ಯಾಂಡೇಜು,
ಬೆರಳು ಮಡಚಿ ಬಿಚ್ಚಿ ಲೆಕ್ಕ ಮಾಡುತ್ತಿದ್ದ.
"ನಾಲ್ಕರಲ್ಲಿ ಏಳು ಕಳೆದರೆ ಎಷ್ಟು?"
ಆಗುವುದಿಲ್ಲ, ಎಂದಳು ಅಜ್ಜಿ.
ಆಗುತ್ತದೆ, ಎಂದೆ ನಾನು. ಮೂರು ಸಾಲ.
"ಸಾಲವಾ? ಯಾರು ಯಾರಿಗೆ ಕೊಡಬೇಕು?"

ಗೇಟಿನ ದೀಪ ಕಾಣಿಸಿತು. ಏಳಕ್ಕೆ ಹನ್ನೊಂದು ನಿಮಿಷ.
ವಿದಾದ್ ಚೀಲಕ್ಕೆ ಕೈ ಹಾಕಿ ಚೀಟಿ ಹುಡುಕುತ್ತಿದ್ದಳು.
ಮಂಗಳವಾರ ಹೇಳುತ್ತೇನೆ ಕಣೋ, ಅಂದೆ.
ಬೆರಳು ಮಡಚಿಕೊಂಡೇ ಇಳಿದ.